ಹಳದಿ ಹೌಸಿಗೆ ಒಂದು ಹೆಸರು

ಕೊಪ್ಪಳದಲ್ಲಿ ಮಗಳು ಓದುವ ಶಾಲೆಗೆ ಮೊನ್ನೆ ಹೋದಾಗ ಮಕ್ಕಳಿಗೆ ಚುಚ್ಚುಮದ್ದು ಹಾಕುತ್ತಿದ್ದರು. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಇರಕಲ್ಲಗಡದ ನಮ್ಮ ಅಜ್ಜಿಯ ಮನೆಯ ಪಡಸಾಲೆ ಕಣ್ಣ ಮುಂದೆ ಬಂದು ನಿಂತಿತು. ಅದಕ್ಕೆ ಹೊಂದಿಕೊಂಡ ಖೋಲಿಯಲ್ಲಿ ಸರ್ಕಾರಿ ನರ್ಸೊಬ್ಬರು ಬಾಡಿಗೆಗಿದ್ದರು. ಊರಿಗೆಲ್ಲ ಅವರು ನರ್ಸಬಾಯಿ. ಕಿಟಕಿಯಲ್ಲಿ ಸೂಜಿ ಕುದಿಸುವ ಸ್ಟೀಲ್ ಡಬ್ಬಿ, ಬಾಗಿಲ ಹಿಂದೆ ಒಣಗುತ್ತಿದ್ದ ಬಿಳಿ ಸೀರೆ. ಲಸಿಕೆಯ ಪೆಟ್ಟಿಗೆಯಲ್ಲಿ ಕರಗದೆ ಉಳಿದ ಬರ್ಫಿನ ಚೂರನ್ನು ಸಂಜೆ ನಮ್ಮ ಅಂಗೈಗೆ ಹಾಕುತ್ತಿದ್ದರು. ಬೆಳಿಗ್ಗೆ ಅಳಿಸಿದ ಕೈಯೇ ಸಂಜೆ ನಗಿಸುತ್ತಿತ್ತು.

ಮಕ್ಕಳ ಆರೋಗ್ಯಕ್ಕಾಗಿ ದುಡಿದ ಹಿರಿಯರ ಹೆಸರನ್ನು ಶಾಲೆಯ ನಾಲ್ಕು ಹೌಸುಗಳಿಗೆ, ಅಂದರೆ ಮಕ್ಕಳ ತಂಡಗಳಿಗೆ, ಇಡುತ್ತಿದ್ದೇವೆ ಎಂದು ಹೆಡ್ ಮೇಡಂ ಅಂದೇ ಪಾಲಕರ ಸಭೆಯಲ್ಲಿ ತಿಳಿಸಿದರು. ಕೆಂಪು, ಹಸಿರು, ನೀಲಿಗೆ ದೊಡ್ಡ ಡಾಕ್ಟರುಗಳ ಹೆಸರು ನಿಗದಿಯಾಗಿತ್ತು. ಹಳದಿ ಹೌಸಿಗೆ ಪಾಲಕರು ಹೇಳಬಹುದು, ಸೋಮವಾರದೊಳಗೆ ಹೆಸರು ಕೊಡಿ ಎಂದರು. ಸಭೆಯಲ್ಲಿ ಎಂದೂ ಬಾಯಿ ಬಿಡದ ನಾನು ಎದ್ದು ನಿಂತು, ನನ್ನ ಹತ್ತಿರ ಒಬ್ಬರಿದ್ದಾರೆ ಎಂದೆ.

ನನ್ನ ತಮ್ಮನಿಗೆ ಎರಡು ವರ್ಷವಿದ್ದಾಗ ವಾಂತಿಭೇದಿ ಹಿಡಿಯಿತು. ನೀರು ಕುಡಿಸಿದರೆ ಇನ್ನೂ ಹೆಚ್ಚಾಗುತ್ತದೆ ಎಂದು ಅಜ್ಜಿ ಗಡಿಗೆಯನ್ನೇ ಮುಚ್ಚಿಟ್ಟಿದ್ದಳು. ನರ್ಸಬಾಯಿ ಹೊಸ್ತಿಲ ಹೊರಗೆ ಕುಳಿತು, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಸಕ್ಕರೆ ಉಪ್ಪಿನ ನೀರನ್ನು ಚಮಚದಿಂದ ತೊಟ್ಟುತೊಟ್ಟಾಗಿ ಬಿಟ್ಟರು. ಬಿಸಿಲು ಮೈಮೇಲೆ ಬಂದರೂ ಕದಲಲಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ನನ್ನ ತಮ್ಮ ಉಚ್ಚೆ ಹೊಯ್ದು ಅವರ ಸೀರೆ ತೋಯಿಸಿದಾಗ, "ಉಳಕೊಂಡ ನೋಡ್ರಿ" ಎಂದು ನಕ್ಕರು. ಅಜ್ಜಿ ಕಣ್ಣೊರೆಸಿಕೊಂಡು, "ಒಳಗ ಬಾರವ್ವಾ, ಚಾ ಕುಡಿಯಾಕ" ಎಂದು ಮೊದಲ ಸಲ ಕರೆದಳು. ಅಲ್ಲಿಯವರೆಗೆ ಅವರಿಗೆ ಚಾ ಕೊಡುವ ಕಪ್ಪು ಪಡಸಾಲೆಯ ಗೂಡಿನಲ್ಲಿ ಬೇರೆಯೇ ಇರುತ್ತಿತ್ತು.

ಶಾಲೆಗೆಂದು ಇದನ್ನೆಲ್ಲ ಬರೆದಾದ ಮೇಲೆ ಹೆಸರಿನ ಸಾಲು ಖಾಲಿ ಉಳಿಯಿತು. ನರ್ಸಬಾಯಿಯವರ ಹೆಸರೇನು? ಚಿಗವ್ವನಿಗೆ ಫೋನು ಮಾಡಿದೆ. "ನರ್ಸಬಾಯಿ ಅಂದ್ರ ನರ್ಸಬಾಯಿನ. ಆಕಿ ಹೆಸರು ಯಾರು ಕೇಳ್ಯಾರ?" ಎಂದಳು. ಊರಿಗೇ ಹೋದೆ. ಮನೆ ಇದ್ದ ಜಾಗದಲ್ಲಿ ಸಿಮೆಂಟು ಅಂಗಡಿ. ದವಾಖಾನೆಯ ಹಳೆಯ ಕಾಗದಗಳನ್ನು ಗೆದ್ದಲು ತಿಂದಿತ್ತು. ಅವರು ವರ್ಗವಾಗಿ ಎತ್ತ ಹೋದರೆಂದು ಹೇಳುವವರೂ ಉಳಿದಿರಲಿಲ್ಲ.

ಬಸ್ಸಿನಲ್ಲಿ ಮರಳುವಾಗ ನೆನಪಾಯಿತು. ಹೊಸಬರನ್ನು ಕಂಡರೆ ಹೆಸರು ಕೇಳಿ ಮಾತಾಡಬೇಕೆಂದು ನಾನು ಓದುತ್ತಿದ್ದ ಕಾನ್ವೆಂಟಿನಲ್ಲಿ ಕಲಿಸಿದ್ದರಿಂದ ಚಿಕ್ಕವಳಿದ್ದಾಗ ಒಮ್ಮೆ ನರ್ಸಬಾಯಿಯ ಹೆಸರು ಕೇಳಲು ಹೊರಟಿದ್ದೆ. ಅಜ್ಜಿ ರಟ್ಟೆ ಹಿಡಿದು ಅಡಿಗೆಮನೆಗೆ ಎಳೆದೊಯ್ದಳು. "ಹೆಸರು ಕೇಳಿದ್ರ ಅಡ್ಡಹೆಸರು ಕೇಳಬೇಕಾಕ್ಕತಿ. ಆಮ್ಯಾಲೆ ಯಾವ ಮಂದಿ ಅಂತ ಗೊತ್ತಾಕ್ಕತಿ. ಗೊತ್ತಾತಂದ್ರ ನಿಮ್ಮಜ್ಜ ಖೋಲಿ ಬಿಡಸ್ತಾನ. ಛಲೋ ಹೆಣ್ಮಗಳು ಅದಾಳ, ಇರ್ಲಿ. ಸುಮ್ಮನಿರು." ಅಜ್ಜಿ ಅವರನ್ನು ಉಳಿಸಿಕೊಂಡ ಬಗೆ ಅದು. ಅವಳ ಕರುಣೆಗೆ ಅಷ್ಟೇ ಅಗಲದ ಬಾಗಿಲು ಇತ್ತೇನೋ. ಎಂಟು ವರ್ಷ ಒಂದೇ ಸೂರಿನಡಿ ಇದ್ದವರನ್ನು ನಾವು ಹೆಸರು ಕೇಳದೆಯೇ ಕಳುಹಿಸಿಬಿಟ್ಟೆವು.

ಸೋಮವಾರ ಹೆಡ್ ಮೇಡಂ ನಾನು ಬರೆದದ್ದನ್ನು ಪೂರ್ತಿ ಓದಿ, ಕನ್ನಡಕ ತೆಗೆದು, "ಭಾಳ ಚೆನ್ನಾಗಿದೆ ಅಮ್ಮ. ಆದರೆ ಬೋರ್ಡಿಗೆ ಹೆಸರು ಬೇಕಲ್ಲ" ಎಂದು ಕಾಗದವನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು. ಹಳದಿ ಹೌಸಿಗೂ ದೂರದ ಊರಿನ ಡಾಕ್ಟರೊಬ್ಬರ ಹೆಸರು ಬಂತು. ಅವರೂ ಎಷ್ಟೋ ಮಕ್ಕಳನ್ನು ಉಳಿಸಿರಬೇಕು, ಬೇಡ ಎನ್ನಲು ನಾನ್ಯಾರು?

ಮಗಳಿಗೆ ಹಳದಿ ಹೌಸೇ ಸಿಕ್ಕಿದೆ. ಇವತ್ತು ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುತ್ತ ಕೇಳಿದಳು, "ಮಮ್ಮಿ, ಮಾಮಾನ್ನ ಉಳಿಸಿದ್ರಲ್ಲ, ನೀವ್ಯಾರೂ ಒಮ್ಮಿನೂ ಅವರ ಹೆಸರು ಕೇಳಲಿಲ್ಲೇನು?"

ರಿಬ್ಬನ್ನಿನ ಗಂಟು ಸರಿಯಾಗಿಯೇ ಬಿದ್ದಿತ್ತು. ಬಿಚ್ಚಿ ಮತ್ತೊಮ್ಮೆ ಕಟ್ಟಿದೆ.