ಸೂಜಿಯಕ್ಕ ಬೇಯಿಸಿದ ಮೀನು

ನಮ್ಮ ದೊಡ್ಡಮ್ಮನನ್ನು ಗಾರ್ಮೆಂಟ್ ಕಾರ್ಖಾನೆಯಲ್ಲಿ ಎಲ್ಲರೂ ಸೂಜಿಯಕ್ಕ ಅನ್ನುತ್ತಿದ್ದರು. ಅವಳು ಹೊಲಿಯುತ್ತಿರಲಿಲ್ಲ. ಹೊಲಿಗೆ ಹಾಲ್‌ನ ಮೂಲೆಯಲ್ಲಿ ಕಂಬಿ ಹಾಕಿದ ಒಂದು ಕಿಟಕಿ, ಅದರ ಹಿಂದೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಅವಳು. ಮೆಷಿನ್‌ನಲ್ಲಿ ಸೂಜಿ ಮುರಿದರೆ ಹೊಸದು ಸಿಗುತ್ತಿದ್ದುದು ಆ ಕಿಟಕಿಯಲ್ಲಿ ಮಾತ್ರ. ಅದೂ ಸುಮ್ಮನೆ ಸಿಗುತ್ತಿರಲಿಲ್ಲ. ಮುರಿದ ಚೂರುಗಳನ್ನೆಲ್ಲ ತಂದು ಒಪ್ಪಿಸಬೇಕು. ಅವಳು ಅವನ್ನು ಕಾಗದದ ಮೇಲೆ ಒಂದಕ್ಕೊಂದು ಕೂಡಿಸಿ, ಬುಡದಿಂದ ತುದಿಯವರೆಗೆ ಸೂಜಿ ಪೂರ್ತಿಯಾಯಿತೇ ಎಂದು ನೋಡಿ, ಮೇಲೆ ಟೇಪ್ ಅಂಟಿಸಿದ ಮೇಲೆಯೇ ಹೊಸದು. ಸಾಸಿವೆಯಷ್ಟು ಚೂರು ಕಮ್ಮಿಯಾದರೂ ಆ ಮೆಷಿನ್ ಪಕ್ಕದಲ್ಲಿದ್ದ ಬಟ್ಟೆಯ ಇಡೀ ಕಟ್ಟು ಕೆಂಪು ಪೆಟ್ಟಿಗೆಗೆ ಹೋಗುತ್ತಿತ್ತು. ಚೂರು ಸಿಕ್ಕರೆ ಕಟ್ಟು ಹೊರಗೆ ಬರುತ್ತದೆ, ಸಿಗದಿದ್ದರೆ ಇಲ್ಲ. ಅಲ್ಲಿ ಹೊಲಿಯುತ್ತಿದ್ದುದು ಎಳೆ ಮಕ್ಕಳ ಅಂಗಿ.

ಒಮ್ಮೆ ಮ್ಯಾನೇಜರ್ ಬಂದು, ಸಂಜೆ ಲಾರಿ ಹೊರಡಬೇಕು, ಒಂದು ಚೂರಿಗೆ ನಾನೂರು ಅಂಗಿ ಹಿಡಿದು ಕೂತಿದ್ದೀಯಲ್ಲ ಎಂದು ಕೂಗಾಡಿದರಂತೆ. ಇವಳು, "ಸಾರ್, ಅದರಲ್ಲಿ ಒಂದು ಅಂಗಿ ತಗೊಂಡು ಹೋಗಿ ನಿಮ್ಮ ಮೊಮ್ಮಗಳಿಗೆ ಹಾಕಿ. ರಾತ್ರಿಯೆಲ್ಲ ಮಗು ಅಳಲಿಲ್ಲ ಅಂದ್ರೆ ಬೆಳಿಗ್ಗೆ ಸಹಿ ಹಾಕ್ತೀನಿ" ಎಂದಳಂತೆ. ಲಾರಿ ಅಂದು ಹೊರಡಲಿಲ್ಲ. ದೊಡ್ಡಮ್ಮ ಮದುವೆಯಾದ ಮೂರನೇ ವರ್ಷ ಗಂಡನ ಮನೆಯಿಂದ ಒಂದೇ ಪೆಟ್ಟಿಗೆ ಹಿಡಿದು ವಾಪಸ್ ಬಂದಿದ್ದಳು. ಬುದ್ಧಿ ಹೇಳಲು ಹೋದವರಿಗೆಲ್ಲ ಟೀ ಕೊಟ್ಟು ಕಳಿಸಿದ್ದಳು. ಅದಕ್ಕೇ ಮ್ಯಾನೇಜರ್ ಕಥೆ ಕೇಳಿ ನಮ್ಮ ಮನೆಯಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ.

ನನಗೆ ಮೊದಲ ಕೆಲಸ ಸಿಕ್ಕಾಗ ಹಳ್ಳಿಯಿಂದ ಬಂದು ಅವಳ ಮನೆಯಲ್ಲೇ ಉಳಿದೆ. ಎರಡು ಕೋಣೆ, ಒಂದು ಅಡುಗೆಮನೆ, ಮೂರನೇ ಮಹಡಿ. ನಾನು ಹೋದ ಆರನೇ ತಿಂಗಳಿಗೆ, ಅವಳ ಜೊತೆಗೇ ಇದ್ದ ತಾತನಿಗೆ, ಅಂದರೆ ಅವಳ ಅಪ್ಪನಿಗೆ, ಪಾರ್ಶ್ವವಾಯು ಹೊಡೆಯಿತು. ಮಾತು ನಿಂತಿತು, ಬಲಗೈ ಬಲಗಾಲು ಬಿದ್ದುಹೋದವು. ಜೊತೆಗೆ ನುಂಗುವ ಶಕ್ತಿಯೂ ಅರ್ಧಕ್ಕರ್ಧ ಹೋಯಿತು. ಆಸ್ಪತ್ರೆಯಿಂದ ಕಳಿಸುವಾಗ, ನುಣ್ಣಗಿರುವುದನ್ನು ಮಾತ್ರ ಕೊಡಿ ಅಂದರು. ಗಂಜಿ, ಮಿಕ್ಸಿಯಲ್ಲಿ ತಿರುವಿದ ತರಕಾರಿ, ಮತ್ತೆ ಗಂಜಿ.

ತಾತ ಬಾಯಿ ಮುಚ್ಚಿಕೊಂಡರು. ನಲವತ್ತು ವರ್ಷ ಬಸ್ ಡಿಪೋದಲ್ಲಿ ಟೈರ್ ಬಿಚ್ಚಿ ಕಟ್ಟಿದ ಮನುಷ್ಯ. ರಜೆ ಸಿಕ್ಕರೆ ಕೆರೆಯ ಏರಿಯ ಮೇಲೆ ಗಾಳ ಹಾಕಿ ಕೂರುವವರು. ಅವರಿಗೆ ಬಿಳೀ ಗಂಜಿ ತೋರಿಸಿದರೆ ತುಟಿ ಬಿಗಿಯುತ್ತಿದ್ದರು, ಬಲವಂತ ಮಾಡಿದರೆ ಗದ್ದದ ಮೇಲೆ ಹರಿಯಬಿಡುತ್ತಿದ್ದರು. ಅರವತ್ತೊಂದು ಕೆಜಿ ಇದ್ದವರು ನಾಲ್ಕು ತಿಂಗಳಲ್ಲಿ ನಲವತ್ತೆಂಟಕ್ಕೆ ಬಂದರು. ವಾರಕ್ಕೊಮ್ಮೆ ಮನೆಗೆ ಬರುವ ನರ್ಸ್ ತೂಕದ ಯಂತ್ರ ನೋಡಿ, "ಇನ್ನು ಇಳಿದರೆ ಮೂಗಿಗೆ ನಳಿಗೆ ಹಾಕಲೇಬೇಕು ಅಕ್ಕಾ" ಅಂದರು.

ಆ ಮಾತು ದೊಡ್ಡಮ್ಮನ ಅಣ್ಣನ ಕಿವಿಗೂ ಬಿತ್ತು. ನನಗೆ ಅವರು ಸೋದರಮಾವ, ಟೈಲ್ಸ್ ಅಂಗಡಿಯ ಮ್ಯಾನೇಜರ್. ಅವರು ನಳಿಗೆ ಹಾಕಿದವರನ್ನು ನೋಡಿಕೊಳ್ಳುವ ಒಂದು ಆರೈಕೆ ಮನೆಯಲ್ಲಿ ತಾತನಿಗೆ ಹಾಸಿಗೆ ಗೊತ್ತು ಮಾಡಿದರು. ಮಾವ ಕೆಟ್ಟವರಲ್ಲ. ಆಸ್ಪತ್ರೆಯಲ್ಲಿ ಯಾರೋ ಕೊಟ್ಟ ಬಿಸ್ಕತ್ತಿನ ಚೂರು ಗಂಟಲಿಗೆ ಸಿಕ್ಕು ತಾತನ ಮುಖ ನೀಲಿಯಾದಾಗ ಪಕ್ಕದಲ್ಲಿದ್ದವರು ಅವರೊಬ್ಬರೇ. ಆಮೇಲೆ ಅವರಿಗೆ ತಾತನ ಬಾಯಿ ನೋಡಿದರೇ ಭಯ.

"ಅಪ್ಪ ಎಲ್ಲಿಗೂ ಹೋಗಲ್ಲ. ಗಂಜಿ ಬೇಡ ಅಂದ್ರೆ ಬೇರೆ ಕೊಡ್ತೀನಿ" ಅಂದಳು ದೊಡ್ಡಮ್ಮ ಫೋನಿನಲ್ಲಿ.

"ಏನು ಕೊಡ್ತೀಯ?"

"ಕೆರೆ ಮೀನು."

ಮಾವನ ಧ್ವನಿ ಏರಿತು. "ಬಿಸ್ಕತ್ತು ನುಂಗಕ್ಕಾಗದವರಿಗೆ ಮುಳ್ಳು ತಿನ್ನಿಸ್ತೀಯ? ನಿನಗೆ ತಲೆ ನೆಟ್ಟಗಿದೆಯಾ ತಾಯಿ?"

ಮುಳ್ಳಿಲ್ಲದ ಸಮುದ್ರದ ಮೀನಿನ ತುಂಡನ್ನು ಆಗಲೇ ತಂದು ನೋಡಿಯಾಗಿತ್ತು. ತಾತ ಉಗುಳಿದ್ದರು. ಅವರ ಮೀನೆಂದರೆ ಗೆಂಡೆ, ಅದರ ಮೈತುಂಬ ಮುಳ್ಳು. ಬೆನ್ನೆಲುಬು, ಪಕ್ಕೆಲುಬು ಸಾಲದು ಎಂದು ಮಾಂಸದ ಒಳಗೆ ಯಾವುದಕ್ಕೂ ಅಂಟಿಕೊಳ್ಳದ, ಕವೆಯ ಹಾಗೆ ಎರಡಾಗಿ ಸೀಳಿದ ಸಣ್ಣ ಮುಳ್ಳುಗಳ ಸಾಲು ಬೇರೆ. ಮಿಕ್ಸಿಗೆ ಹಾಕೋಣವೇ ಎಂದು ನಾನು ಕೇಳಿದ್ದಕ್ಕೆ, "ಹಾಕು. ಒಂದು ಮುಳ್ಳು ಇಪ್ಪತ್ತಾಗುತ್ತೆ. ಆಮೇಲೆ ನೀನೇ ಹುಡುಕು" ಅಂದಳು.

ಮೊದಲ ಹನ್ನೆರಡು ಮೀನನ್ನು ತಾತನ ಹತ್ತಿರಕ್ಕೂ ಒಯ್ಯಲಿಲ್ಲ. ಕಲಿಯುವ ಮೀನು ಅವು. ತಿಂದವರು ನಾವಿಬ್ಬರು. ಎರಡನೇ ವಾರಕ್ಕೆ ಆಫೀಸಿನಲ್ಲಿ ನನ್ನ ಪಕ್ಕ ಕೂರುವವಳು, "ನಿಮ್ಮ ಮನೆಯಲ್ಲಿ ಬೆಕ್ಕು ಸಾಕಿದ್ದೀರಾ?" ಎಂದು ಕೇಳಿದಳು.

ದೊಡ್ಡಮ್ಮ ಕಲಿತದ್ದು ಹೀಗೆ. ಕೆಸರಿನ ವಾಸನೆ ಹೋಗಲು ಮೀನನ್ನು ಇಡಿಯಾಗಿ ಉಪ್ಪು, ನಿಂಬೆರಸ ಬೆರೆತ ನೀರಿನಲ್ಲಿ ಅರ್ಧ ಗಂಟೆ ಬಿಡಬೇಕು. ಕುದಿಯುವ ನೀರಿಗೆ ಹಾಕಿದರೆ ಚರ್ಮ ಸೆಟೆದು ಸೀಳುತ್ತದೆ, ಮಾಂಸ ಚೂರಾಗಿ ಮುಳ್ಳು ಚೆಲ್ಲಾಪಿಲ್ಲಿಯಾಗುತ್ತದೆ. ಅದಕ್ಕೆ ತಣ್ಣೀರಿನಿಂದಲೇ ಶುರು. ಅಗಲದ ಪಾತ್ರೆ, ಈರುಳ್ಳಿ, ನಾಲ್ಕು ಕಾಳುಮೆಣಸು, ಉಪ್ಪು. ಒಗೆದ ತೆಳು ಬಟ್ಟೆಯಲ್ಲಿ ಮೀನನ್ನು ತೊಟ್ಟಿಲ ಮಗುವಿನಂತೆ ಸುತ್ತಿ ನೀರಿನಲ್ಲಿ ಮುಳುಗಿಸಬೇಕು, ಎತ್ತುವಾಗ ಮುರಿಯುವುದಿಲ್ಲ. ಉರಿ ಎಷ್ಟು ಸಣ್ಣದೆಂದರೆ ನೀರಿನ ಮೇಲೆ ಆವಿ ಆಡಬೇಕು, ಗುಳ್ಳೆ ಏಳಬಾರದು. ಬೆಂದಿತೋ ಇಲ್ಲವೋ ನೋಡಲು ಬೆನ್ನಿನ ರೆಕ್ಕೆ ಹಿಡಿದು ಎಳೆಯುವುದು, ಸಲೀಸಾಗಿ ಕೈಗೆ ಬಂದರೆ ಒಲೆ ಆರಿಸಿ, ಅದೇ ನೀರಿನಲ್ಲಿ ತಣಿಯಲು ಬಿಡುವುದು. ಹಾಗೆ ಬೆಂದ ಮೀನಿನಲ್ಲಿ ಮುಳ್ಳು ಹುಟ್ಟಿದ ಜಾಗದಲ್ಲೇ ಇರುತ್ತದೆ, ಒಂದೊಂದೂ ಪೂರ್ತಿಯಾಗಿ ಬಿಟ್ಟುಕೊಳ್ಳುತ್ತದೆ.

ಬಿಡಿಸಿದ ಮುಳ್ಳನ್ನು ಅವಳು ಬಿಸಾಡುತ್ತಿರಲಿಲ್ಲ. ಕಪ್ಪು ತಟ್ಟೆಯೊಂದರ ಮೇಲೆ ಬೆನ್ನೆಲುಬು ನಡುವೆ, ಪಕ್ಕೆಲುಬು ಆಚೀಚೆ, ಕವೆಮುಳ್ಳು ಸಾಲಾಗಿ, ಹೀಗೆ ಮೀನನ್ನು ಮತ್ತೆ ಕಟ್ಟುತ್ತಿದ್ದಳು. ಸಾಲಿನಲ್ಲಿ ಸಂದು ಬಿಟ್ಟಿದ್ದರೆ ಹುಡುಕಬೇಕು. ಒಂದೊಂದು ಮುಳ್ಳಿನ ತುದಿಯನ್ನೂ ಬೆಳಕಿಗೆ ಹಿಡಿದು ಮುರಿದಿಲ್ಲವೆಂದು ನೋಡಬೇಕು. ಆಮೇಲೆ ಮಾಂಸವನ್ನು ಬೆರಳ ತುದಿಯಲ್ಲಿ ಮೂರು ಸಲ ಹಿಸುಕಿ, ಬೆಂದ ನೀರನ್ನೇ ಬೆರೆಸಿ ಹದ ಮಾಡುವುದು. ಚಮಚ ಓರೆ ಮಾಡಿದರೆ ಮೆಲ್ಲಗೆ ಜಾರಬೇಕು, ಹರಿಯಬಾರದು. ಇದು ನರ್ಸ್ ಹೇಳಿಕೊಟ್ಟ ಲೆಕ್ಕ.

ಹದಿಮೂರನೇ ಮೀನನ್ನು ತಾತ ತಿಂದರು. ಎರಡು ಚಮಚ ಆದ ಮೇಲೆ ಎಡಗೈಯಿಂದ ದೊಡ್ಡಮ್ಮನ ಮಣಿಕಟ್ಟು ಹಿಡಿದು ತಮ್ಮ ಬಾಯಿಗೆ ಎಳೆದುಕೊಂಡರು. ಆ ವಾರ ತೂಕ ಇಳಿಯಲಿಲ್ಲ. ಮುಂದಿನ ವಾರ ಮುನ್ನೂರು ಗ್ರಾಂ ಏರಿತು.

ಮಾವ ಅದನ್ನು ನಂಬಲಿಲ್ಲ. "ಇವತ್ತು ಅದೃಷ್ಟ. ನಾಳೆ?" ಅಂದರು. ಕೊನೆಗೆ, ಭಾನುವಾರ ನರ್ಸ್ ಇರುವಾಗಲೇ ಬಂದು ಕಣ್ಣಾರೆ ನೋಡುತ್ತೇನೆ, ನನಗೆ ಒಪ್ಪಿಗೆಯಾಗದಿದ್ದರೆ ಸೋಮವಾರ ಅಪ್ಪ ಹೊರಡಬೇಕು ಎಂದು ಹೇಳಿ, ಸಹಿ ಹಾಕಬೇಕಾದ ಕಾಗದವನ್ನೂ ಜೊತೆಗೇ ತಂದರು. ತಾತ ಇದ್ದುದು ದೊಡ್ಡಮ್ಮನ ಮನೆಯಲ್ಲಾದ್ದರಿಂದ ಅವಳ ಸಹಿಯೂ ಬೇಕಿತ್ತು.

ಮಾವನೂ ನರ್ಸೂ ಬಂದಾಗ ಮೀನು ಒಲೆಯ ಮೇಲಿತ್ತು. ದೊಡ್ಡಮ್ಮ ಕೋಣೆಯಲ್ಲಿ ತಾತನ ಬಟ್ಟೆ ಬದಲಾಯಿಸುತ್ತಿದ್ದಳು, ನಾನು ದಿಂಬು ಹಿಡಿದಿದ್ದೆ. ಹತ್ತು ನಿಮಿಷ ಬಿಟ್ಟು ಅಡುಗೆಮನೆಗೆ ಹೋದರೆ ಪಾತ್ರೆಯ ಮುಚ್ಚಳ ಗಡಗಡ ಅನ್ನುತ್ತಿತ್ತು.

ದೊಡ್ಡಮ್ಮ ಒಲೆ ಆರಿಸಿದಳು. "ಉರಿ ಯಾರು ಏರಿಸಿದ್ದು?"

"ನಾನೇ" ಅಂದರು ಮಾವ. "ನೀನಿಟ್ಟಿದ್ದ ಉರಿಗೆ ಮೀನಿರಲಿ, ಸೊಳ್ಳೆನೂ ಬೇಯಲ್ಲ. ಸಿಸ್ಟರ್‌ಗೆ ಬೇರೆ ಮನೆಗಳಿಲ್ವಾ?"

ಅವಳು ಮೀನನ್ನು ಬಟ್ಟೆಸಮೇತ ಎತ್ತಿದಳು. ಬಟ್ಟೆ ಬಿಚ್ಚಿದಾಗ ಮೀನಿನ ಪಕ್ಕೆ ಒಡೆದಿತ್ತು. ಅಡುಗೆಮನೆಯ ಮೇಜಿನ ಮುಂದೆ ಕೂತು ಬಿಡಿಸತೊಡಗಿದಳು. ಮಾವ ಒಂದು ಕಡೆ, ನರ್ಸ್ ಇನ್ನೊಂದು ಕಡೆ. ತಾತ ಗಾಲಿ ಕುರ್ಚಿಯಲ್ಲಿ, ಕತ್ತಿಗೆ ಟವೆಲ್ ಕಟ್ಟಿಸಿಕೊಂಡು ವಾಸನೆ ಹಿಡಿಯುತ್ತ ಕೂತಿದ್ದರು. ತಟ್ಟೆಯ ಮೇಲೆ ಮೀನು ಮುಳ್ಳು ಮುಳ್ಳಾಗಿ ಎದ್ದು ಬರುವುದನ್ನು ನೋಡಿ ನರ್ಸ್, "ಇದನ್ನ ನಮ್ಮ ಕಾಲೇಜಿನಲ್ಲಿ ಹೇಳಿಕೊಡಬೇಕಿತ್ತು" ಎಂದು ನಕ್ಕರು.

ಬಾಲದ ಹತ್ತಿರದ ಒಂದು ಕವೆಮುಳ್ಳನ್ನು ಬೆಳಕಿಗೆ ಹಿಡಿದ ದೊಡ್ಡಮ್ಮ ಅದನ್ನು ಕೆಳಗಿಡಲಿಲ್ಲ. ಅದರ ಎರಡು ಕವಲಿನಲ್ಲಿ ಒಂದು ಅರ್ಧಕ್ಕೆ ಮುರಿದಿತ್ತು.

ಆ ಕ್ಷಣ ಅವಳಿಗೆ ಮುಚ್ಚಿಡಬೇಕು ಅನ್ನಿಸಿತ್ತೋ ಏನೋ, ನನಗಂತೂ ಅನ್ನಿಸಿತು. ಮುಳ್ಳನ್ನು ಸುಮ್ಮನೆ ಸಾಲಿನಲ್ಲಿಟ್ಟಿದ್ದರೆ ಮಾವನಿಗೆ ಗೊತ್ತೇ ಆಗುತ್ತಿರಲಿಲ್ಲ. ಮೂರು ಸಲ ಹಿಸುಕುವಾಗ ಹೇಗೂ ಸಿಗುತ್ತಿತ್ತು ಎಂದು ನಾನು ಲೆಕ್ಕ ಹಾಕುತ್ತಿದ್ದೆ.

"ಒಂದು ತುದಿ ಮುರಿದಿದೆ" ಅಂದಳು ಅವಳು. "ಚೂರು ಮಾಂಸದಲ್ಲಿದೆ. ಅದು ಸಿಗೋವರೆಗೂ ಇದು ಅಪ್ಪನ ಬಾಯಿಗೆ ಹೋಗಲ್ಲ." ಬಟ್ಟಲನ್ನು ತಾತನಿಂದ ದೂರ, ಮೇಜಿನ ಆ ತುದಿಗೆ ಸರಿಸಿದಳು.

ಮಾವ ಕುರ್ಚಿಗೆ ಒರಗಿದರು. "ಕೇಳಿದ್ರಾ ಸಿಸ್ಟರ್? ಅವಳ ಬಾಯಲ್ಲೇ ಬಂತು."

"ಕೇಳಿದೆ" ಅಂದರು ನರ್ಸ್.

ತಾತ ಎಡಗೈಯಿಂದ ಕುರ್ಚಿಯ ಹಿಡಿಗೆ ಬಡಿದರು. ಹಸಿವು. ಮತ್ತೆ ಬಡಿದರು. ಮಾವ ಎದ್ದು ಫ್ಲಾಸ್ಕಿನಲ್ಲಿದ್ದ ಗಂಜಿ ಬಗ್ಗಿಸಿಕೊಂಡು ಬಂದು ಚಮಚ ಹಿಡಿದರು. "ಅಪ್ಪಾ, ಒಂದು ತುತ್ತು. ನನಗೋಸ್ಕರ." ತಾತ ಮಗನ ಮುಖವನ್ನೇ ನೋಡುತ್ತ ತುಟಿ ಬಿಗಿದರು. ಗಂಜಿ ಟವೆಲ್ ಮೇಲೆ ಇಳಿಯಿತು. ಮಾವ ಒರೆಸಿದರು, ಮತ್ತೊಂದು ಚಮಚ ಹಿಡಿದರು, ಮತ್ತೆ ಒರೆಸಿದರು.

ದೊಡ್ಡಮ್ಮ ಅತ್ತ ತಿರುಗಿ ನೋಡದೆ ಮಾಂಸವನ್ನು ಕಪ್ಪು ತಟ್ಟೆಯ ಮೇಲೆ ಚಿಟಿಕೆ ಚಿಟಿಕೆಯಾಗಿ ಹರಡಿ ತಡವುತ್ತಿದ್ದಳು. ಇಪ್ಪತ್ತು ನಿಮಿಷವಾಯಿತು.

"ಅದು ಅಲ್ಲಿ ಇಲ್ಲವೇ ಇಲ್ಲ ಕಣೇ. ನೀರಲ್ಲಿ ಹೋಗಿರುತ್ತೆ" ಅಂದರು ಮಾವ.

"ನೀರು ಸೋಸಿ ನೋಡಿದೀನಿ."

"ಕೊಡಿಲ್ಲಿ." ಮಾವ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು. ಇಲ್ಲವೆಂದು ತೋರಿಸಲೆಂದೇ ಕೂತರು. ಕನ್ನಡಕ ಹಣೆಗೇರಿಸಿ, ತೋಳು ಮಡಚಿ, ಟೈಲ್ಸಿನ ಮೂಲೆ ಒಡೆದಿದೆಯೇ ಎಂದು ತಡವುವ ಅದೇ ಬೆರಳಿನಲ್ಲಿ ಒಂದೊಂದೇ ಚಿಟಿಕೆ ತಿಕ್ಕಿದರು. ಸ್ವಲ್ಪ ಹೊತ್ತಿಗೆ ಬೆರಳು ನಿಂತಿತು. ಹೆಬ್ಬೆರಳನ್ನು ಎತ್ತಿ ನೋಡಿಕೊಂಡರು. ರೆಪ್ಪೆಗೂದಲಿನಂಥದ್ದು ಒಂದು, ಚರ್ಮಕ್ಕೆ ನೆಟ್ಟಿತ್ತು.

ದೊಡ್ಡಮ್ಮ ಅದನ್ನು ಚಿಮುಟದಿಂದ ತೆಗೆದು ಮುರಿದ ಕವೆಯ ಪಕ್ಕದಲ್ಲಿಟ್ಟಳು. ಕೂಡಿತು.

"ಇದು" ಅಂದರು ಮಾವ, "ಇದು ಅಪ್ಪನ ಗಂಟಲಿಗೆ ಹೋಗ್ತಿತ್ತು."

"ಹೋಗ್ತಿರಲಿಲ್ಲ. ಹೋಗಬಾರದು ಅಂತಲೇ ಅವರು ಒಂದು ಗಂಟೆಯಿಂದ ಹಸ್ಕೊಂಡು ಕೂತಿರೋದು, ನಾನು ನಿನ್ನ ಹತ್ರ ಬೈಸ್ಕೊಂಡು ಕೂತಿರೋದು. ನಿನ್ನ ಆರೈಕೆ ಮನೆಯಲ್ಲಿ ಇಷ್ಟೊತ್ತು ಯಾರು ಕೂರ್ತಾರೆ? ಹೆಸರು ಹೇಳು, ಈಗಲೇ ಸಹಿ ಹಾಕ್ತೀನಿ."

ಮಾವ ನರ್ಸ್ ಕಡೆ ನೋಡಿದರು. ನರ್ಸ್ ಕೈಗಡಿಯಾರ ನೋಡಿಕೊಂಡು, "ನನ್ನ ಪುಸ್ತಕದಲ್ಲಿ ಮೀನಂತ ಬರೆದಿಲ್ಲ. ಮೆತ್ತಗೆ, ಒಂದೇ ಸಮ, ಗಟ್ಟಿ ಚೂರಿಲ್ಲದೆ ಅಂತ ಬರೆದಿದೆ. ಚೂರು ಇತ್ತು, ಸಿಕ್ತು. ಇನ್ನೊಂದು ಸಲ ಹಿಸುಕಿ, ನಾನೂ ಮುಟ್ಟಿ ನೋಡ್ತೀನಿ. ಆಮೇಲೆ ತಾತನೇ ಹೇಳಲಿ" ಅಂದರು.

ಹಿಸುಕಿದರು. ನರ್ಸ್ ಮುಟ್ಟಿ ನೋಡಿದರು. ಕೇಳದಿದ್ದರೂ ಮಾವ ಕೈ ತೊಳೆದುಕೊಂಡು ಬಂದು ತಾವೂ ಮುಟ್ಟಿ ನೋಡಿದರು. ದೊಡ್ಡಮ್ಮ ಬೆಂದ ನೀರು ಬೆರೆಸಿ, ಬೆಚ್ಚಗೆ ಮಾಡಿ, ಚಮಚ ಓರೆ ಮಾಡಿ ಹದ ನೋಡಿದಳು. ತಾತನ ಗದ್ದ ಸ್ವಲ್ಪ ಕೆಳಗಿಳಿಸಿ ಮೊದಲ ಚಮಚ ಇಟ್ಟಳು. ಗಂಟಲ ಗಂಟು ಮೇಲೆದ್ದಿತು, ಇಳಿಯಿತು. ಎರಡನೆಯದು. ಮೂರನೆಯದಕ್ಕೆ ತಾತ ತಾವೇ ಬಾಯಿ ತೆರೆದರು. ಐದನೆಯದು ತಡವಾಯಿತೆಂದು ಕುರ್ಚಿಯ ಹಿಡಿಗೆ ಬಡಿದರು.

ಎಂಟನೆಯ ಚಮಚಕ್ಕೆ ದೊಡ್ಡಮ್ಮ ಕೈ ತಡೆದಳು. "ಅಣ್ಣ, ಫೋನ್ ಮಾಡು."

"ಯಾರಿಗೆ?"

"ಆ ಹಾಸಿಗೆ ಬೇರೆ ಯಾರಿಗಾದರೂ ಕೊಡಲಿ. ಕಾಯ್ತಿರೋರು ಇರ್ತಾರೆ."

"ಒಂದು ತಿಂಗಳು ನೋಡೋಣ. ತೂಕ ಒಂದು ಕೆಜಿ ಇಳಿದರೂ ನಾನು ಸುಮ್ನಿರಲ್ಲ."

"ಇಳಿದರೆ ನಿನಗಿಂತ ಮುಂಚೆ ನಾನೇ ಹೇಳ್ತೀನಿ. ಇವತ್ತು ಮುಚ್ಚಿಟ್ನಾ?"

ಮಾವ ಫೋನ್ ಹಿಡಿದು ಮೆಟ್ಟಿಲ ಕಡೆಗೆ ಎದ್ದರು.

"ಇಲ್ಲೇ ಮಾಡು. ಅಪ್ಪನಿಗೂ ಕೇಳಿಸಲಿ."

ಅವರು ನಿಂತಲ್ಲೇ ಮಾಡಿದರು. ಆ ಕಡೆಯವರು ಕಾರಣ ಕೇಳಿದರೆಂದು ಕಾಣುತ್ತದೆ. ಮಾವ ತಾತನನ್ನು ನೋಡಿದರು, ತಾತ ಚಮಚವನ್ನು ನೋಡುತ್ತಿದ್ದರು.

"ಇಲ್ಲ, ಬೇಡ" ಅಂದರು ಮಾವ. "ನಮ್ಮಪ್ಪ ಮನೆಯಲ್ಲೇ ಊಟ ಮಾಡ್ತಿದಾರೆ."

ದೊಡ್ಡಮ್ಮ ಚಮಚ ಮುಂದಕ್ಕೆ ಹಿಡಿದಳು. ಬಟ್ಟಲಿನಲ್ಲಿ ಇನ್ನೂ ಅರ್ಧ ಉಳಿದಿತ್ತು.