ಹುಲಿಗೇಶಣ್ಣನ ಎಕ್ಸ್‌ಪಿ

ಹೊಸ ಕಂಪ್ಯೂಟರಿನ ಮಾತೆತ್ತಿದರೆ ಸಾಕು, ಹುಲಿಗೇಶಣ್ಣನಿಗೆ ಮೈಮೇಲೆ ಬರುತ್ತಿತ್ತು. ಬ್ಯಾಡಗಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವನದೊಂದು ಡಿಟಿಪಿ ಅಂಗಡಿ. ಮದುವೆ ಪತ್ರಿಕೆ, ಶ್ರದ್ಧಾಂಜಲಿ ಕಾರ್ಡು, ಮೆಣಸಿನಕಾಯಿ ಚೀಲದ ಲೇಬಲ್ಲು, ಏನೇ ಇರಲಿ, ಇಪ್ಪತ್ತು ವರ್ಷದಿಂದ ಎಲ್ಲವೂ ವಿಂಡೋಸ್ ಎಕ್ಸ್‌ಪಿಯಲ್ಲೇ. ಹಸಿರು ಗುಡ್ಡ, ನೀಲಿ ಆಕಾಶದ ಆ ಪರದೆ ಕಂಡರೆ ಅವನಿಗೆ ಹೊಟ್ಟೆ ತುಂಬಿದಂತೆ. ಯಾರಾದರೂ ಹೊಸ ಲ್ಯಾಪ್‌ಟಾಪ್ ಹಿಡಿದು ಬಂದರೆ, "ಇದರಾಗ ಒಂದು ಫೈಲ್ ಹುಡುಕಾಕ ಒಂದು ದಿನ ಬೇಕು. ಯಾರು ಹೇಳಿದ್ರು ನಿಮಗ ಇದನ್ನ ತಗೊಳ್ರಿ ಅಂತ?" ಎಂದು ಗಿರಾಕಿಗೇ ಬೈಯುವ ಆಸಾಮಿ.

ನಾನು ಶಾನವಾಜ, ರಾಣೇಬೆನ್ನೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ಅಬ್ಬಾ ತೀರಿಕೊಂಡ ವರ್ಷ ನನ್ನನ್ನು ತನ್ನ ಅಂಗಡಿಯಲ್ಲಿ ಕೂರಿಸಿಕೊಂಡು ಕೆಲಸ ಕಲಿಸಿದವನು ಹುಲಿಗೇಶಣ್ಣ. ಅವನು ಒಂದು ದಿನ ಮಾತು ಬಿಟ್ಟರೆ ನನಗೆ ಅನ್ನ ಇಳಿಯುವುದಿಲ್ಲ. ಆ ಹೆದರಿಕೆಯಿಂದಲೇ ಐದು ವರ್ಷ ಒಂದು ಸುಳ್ಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದೆ.

ಲಾಕ್‌ಡೌನ್ ತೆರವಾದ ವರ್ಷ ಅವನ ಕಂಪ್ಯೂಟರಿನ ಮದರ್‌ಬೋರ್ಡ್ ಸುಟ್ಟುಹೋಯಿತು. ಹೊಸ ಬೋರ್ಡ್ ತಂದು ಎಕ್ಸ್‌ಪಿ ಹಾಕಲು ಮೂರು ದಿನ ಒದ್ದಾಡಿದೆ. ಹೊಸ ಬೋರ್ಡಿನಲ್ಲಿ ಆ ಹಳೇದು ಏನು ಮಾಡಿದರೂ ಕೂರಲೊಲ್ಲದು. ಹುಲಿಗೇಶಣ್ಣ ದಿನಕ್ಕೆ ನಾಲ್ಕು ಸಲ ಫೋನ್ ಮಾಡಿ, "ಎಕ್ಸ್‌ಪಿ ಇಲ್ಲಂದ್ರ ನಾ ಅಂಗಡಿ ಬಾಗಲಾ ತೆಗ್ಯಾಂಗಿಲ್ಲ ನೋಡು" ಎನ್ನುತ್ತಿದ್ದ. ನನಗೂ ತಲೆ ಕೆಟ್ಟಿತು. ವಿಂಡೋಸಿನ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿ, ಅದಕ್ಕೆ ಎಕ್ಸ್‌ಪಿಯ ವೇಷ ತೊಡಿಸಿದೆ. ಅದೇ ಗುಡ್ಡ, ಅದೇ ಹಸಿರು ಬಟನ್, ಚಾಲೂ ಆದಾಗ ಬರುವ ಅದೇ ಸದ್ದು. ಅವನ ಹಳೇ ಟೈಪಿಂಗ್ ಸಾಫ್ಟ್‌ವೇರನ್ನೂ ಹೇಗೋ ಕೈಕಾಲು ಹಿಡಿದು ಅದರೊಳಗೆ ಓಡಿಸಿದೆ. ಎರಡು ದಿನ ಬಿಟ್ಟು ಹೇಳಿದರಾಯಿತು ಅಂದುಕೊಂಡಿದ್ದೆ.

ಹುಲಿಗೇಶಣ್ಣ ಕುಳಿತು ಒಂದು ಪತ್ರಿಕೆ ಟೈಪ್ ಮಾಡಿ ನೋಡಿದ. "ಮೊದಲಿಗಿಂತ ಜೋರ್ ಓಡಾಕತ್ತೈತಲ್ಲೋ ತಮ್ಮಾ!" ಎಂದವನೇ ಒಂದು ಕಿಲೋ ಪೇಡೆ ತರಿಸಿ ಓಣಿಗೆಲ್ಲ ಹಂಚಿದ. ಮೊದಲನೆಯದನ್ನು ನನ್ನ ಬಾಯಿಗೇ ಇಟ್ಟ. ಪೇಡೆ ಬಾಯಲ್ಲಿಟ್ಟುಕೊಂಡು ಆ ಮಾತು ಹೇಳುವುದು ಹೇಗೆ? ನುಂಗಿಕೊಂಡೆ.

ಕಂಪ್ಯೂಟರ್ ಚಾಲೂ ಆಗುವಾಗ ಲಿನಕ್ಸಿನ ಹೆಸರು ಪರದೆಯ ಮೇಲೆ ದಪ್ಪಕ್ಷರದಲ್ಲಿ ಬರುತ್ತದೆ. ಆದರೆ ಹುಲಿಗೇಶಣ್ಣ ಅದನ್ನು ನೋಡುವವನಲ್ಲ. ಗುಂಡಿ ಒತ್ತಿದ ಕೂಡಲೇ ಗೋಡೆಯ ಮೇಲಿನ ಕದರಮಂಡಲಗಿ ಹನುಮಪ್ಪನ ಫೋಟೊ ಕಡೆ ತಿರುಗಿ, ಕೈಮುಗಿದು, ಕಣ್ಣು ಮುಚ್ಚಿ ನಿಲ್ಲುತ್ತಾನೆ. ಚಾಲೂ ಆದ ಸದ್ದು ಕೇಳಿದ ಮೇಲೆಯೇ ಕಣ್ಣು ಬಿಡುವುದು. ಇದು ಅಂಗಡಿ ಇಟ್ಟ ದಿನದಿಂದ ಬಂದ ಪದ್ಧತಿ. ನನ್ನ ಸುಳ್ಳು ಉಳಿದದ್ದು ಆ ಅರ್ಧ ನಿಮಿಷದಲ್ಲೇ.

ಒಮ್ಮೆ ಕಾಲೇಜಿನ ಮೇಷ್ಟ್ರೊಬ್ಬರು ಅಂಗಡಿಗೆ ಬಂದು, ಲಿನಕ್ಸ್ ಹಾಕಿಸಿಕೊಳ್ಳಿ, ಚಲೋ ಇದೆ ಅಂದರು. "ಪುಕ್ಕಟೆ ಸಿಗೋದನ್ನ ನಂಬಿ ಹೊಟ್ಟಿಪಾಡು ನಡಸಾಕ ಆಕ್ಕೈತೇನ್ರಿ? ನಮ್ಮ ಎಕ್ಸ್‌ಪಿ ನೋಡ್ರಿ, ಒಂದು ದಿನಾನೂ ಕೈಕೊಟ್ಟಿಲ್ಲ" ಎಂದು ಹುಲಿಗೇಶಣ್ಣ ಮಾನಿಟರಿನ ಬೆನ್ನು ತಟ್ಟಿದ. ನಾನು ಅಲ್ಲೇ ಚಹಾ ಕುಡಿಯುತ್ತಿದ್ದೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಈ ಸಲದ ದಸರೆಗೆ ಅವನ ತಮ್ಮನ ಮಗಳು ಅಂಜಲಿ ಹಾವೇರಿಯಿಂದ ಬಂದಿದ್ದಳು. ಬಿಸಿಎ ಓದುವ ಹುಡುಗಿ. ಬನ್ನಿ ಹಬ್ಬದ ದಿನ ಹುಲಿಗೇಶಣ್ಣ ಗುಂಡಿ ಒತ್ತಿ ಕಣ್ಣು ಮುಚ್ಚಿ ನಿಂತಿದ್ದಾನೆ, ಹಿಂದಿನಿಂದ ಇವಳು, "ದೊಡ್ಡಪ್ಪಾ, ನೀ ಯಾವಾಗಿಂದ ಲಿನಕ್ಸ್ ವಾಪರಸಾಕತ್ತೀದಿ?" ಅಂದಿದ್ದಾಳೆ.

ನನಗೆ ಫೋನ್ ಬಂತು. ಬೈಗುಳವಿಲ್ಲ. "ಲಗೂ ಬಾ" ಅಂದ, ಅಷ್ಟೇ. ಬೈದಿದ್ದರೆ ಬಸ್ಸಿನಲ್ಲಿ ಅಷ್ಟು ಬೆವರುತ್ತಿರಲಿಲ್ಲ.

ನಾನು ಹೋದಾಗ ಅವನು ಕಂಪ್ಯೂಟರಿನ ಮುಂದೆ ಬನ್ನಿ ಎಲೆ ಹಿಡಿದು ಕುಳಿತಿದ್ದ. ಪ್ರತಿ ವರ್ಷ ಮೊದಲ ಬನ್ನಿ ಅದಕ್ಕೇ. ಎಲೆಯನ್ನು ಅದರ ಡಬ್ಬಿಯ ಮೇಲಿಟ್ಟು, "ನಾನೂ ನೀನೂ ಬಂಗಾರದಂಗ ಇರೂಣು" ಅಂದು ಆಮೇಲೆ ಮನೆಯವರಿಗೆ ಕೊಡುವುದು. ಇವತ್ತು ಎಲೆ ಕೈಯಲ್ಲೇ ಇತ್ತು. ಎಲ್ಲವನ್ನೂ ಹೇಳಿದೆ. ಒಂದನ್ನೂ ಬಿಡಲಿಲ್ಲ.

"ಹಂಗಾರ ಈ ಐದು ವರ್ಷ ನಾ ಯಾರನ್ನ ಹೊಗಳೇನಿ?" ಎಂದು ಕೇಳಿದ.

"ಇದನ್ನ, ಅಣ್ಣಾ."

"ಬೈದಿದ್ದು?"

"ಅದೂ ಇದನ್ನ."

ಅವನು ಪರದೆಯ ಕಡೆ ತಿರುಗಿದ. ಎದುರಿಗೆ ಅದೇ ಹಸಿರು ಗುಡ್ಡ.

"ನಮ್ಮ ಎಕ್ಸ್‌ಪಿ ಹೋಗಿದ್ದು ಯಾವತ್ತು?"

"ಬೋರ್ಡ್ ಸುಟ್ಟ ದಿನಾನ."

ಬೆರಳು ಮಡಚಿ ಲೆಕ್ಕ ಹಾಕಿದ. "ಅಂದ್ರ ಅದು ಹೋಗಿ ಮೂರ ದಿನಕ್ಕ ನಾ ಓಣಿ ತುಂಬ ಪೇಡೆ ಹಂಚೇನಿ" ಎಂದ. ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡ. ನನ್ನ ಕಣ್ಣೂ ತುಂಬಿ ಬಂತು. ಒಂದು ಸಾಫ್ಟ್‌ವೇರಿಗಾಗಿ ಇಬ್ಬರು ಗಂಡಸರು ಅಳುವುದೇ ಎಂದು ಅಂಜಲಿ ನಮ್ಮನ್ನು ಪಿಳಿಪಿಳಿ ನೋಡುತ್ತಿದ್ದಳು.

"ತೆಗೆದು ಬ್ಯಾರೆ ಏನರ ಹಾಕ್ಲೇನಣ್ಣಾ?" ಅಂದೆ.

"ಯಾಕ? ಅದೇನ್ ತಪ್ಪು ಮಾಡೇತಿ? ಸುಳ್ಳು ಹೇಳಿದಾಂವ ನೀ." ಕಂಪ್ಯೂಟರನ್ನು ಬಂದ್ ಮಾಡಿ ಮತ್ತೆ ಗುಂಡಿ ಒತ್ತಿದ. ಈ ಸಲ ಹನುಮಪ್ಪನ ಕಡೆ ತಿರುಗಲಿಲ್ಲ. ಕಣ್ಣು ಬಿಟ್ಟುಕೊಂಡೇ, ಆ ಹೆಸರು ಬಂದು ಹೋಗುವ ತನಕ ಒಂದೊಂದೇ ಅಕ್ಷರ ಓದಿದ. ಸದ್ದು ಬಂತು. ಕೈಗಳು ತಾವಾಗಿಯೇ ಮುಗಿಯಲು ಹೋದವು, ನಡುವೆಯೇ ನಿಂತವು.

ಆಮೇಲೆ ಎಲೆಯನ್ನು ನನ್ನ ಕೈಗೆ ತುರುಕಿದ. "ತಗೋ. ಸಿಟ್ಟು ಹೋಗಿಲ್ಲ. ಹಬ್ಬ ಐತಿ ಅಂತ ಕೊಡಾಕತ್ತೇನಿ."

"ಅದಕ್ಕ ಬನ್ನಿ?" ಎಂದು ಕಂಪ್ಯೂಟರ್ ತೋರಿಸಿದೆ.

"ಮುಂದಿನ ವರ್ಷ ನೋಡೂಣು" ಎಂದ ಹುಲಿಗೇಶಣ್ಣ. "ಮೊದಲ ನನಗ ಅದರ ಗುರ್ತಾಗ್ಲಿ."