ಒಗೆಯುವ ಕಟ್ಟೆಯ ಠರಾವು

ನಿಸಾರ್ ಸಾಹೇಬರು ಹಾವೇರಿ ಜಿಲ್ಲೆಯ ಒಂದು ಸಣ್ಣ ಪುರಸಭೆಯಲ್ಲಿ ಮೂವತ್ತೊಂದು ವರ್ಷ ಕಾರಕೂನರಾಗಿದ್ದರು. ಸಭೆಯ ನಡಾವಳಿ ಬರೆಯುವುದು ಅವರ ಕೆಲಸ. ಸದಸ್ಯರು ಮೂರು ತಾಸು ಕೂಗಾಡಿದ್ದನ್ನು ಇವರು ನಾಲ್ಕು ಸಾಲಿನ ಠರಾವು ಮಾಡಿ ಸಹಿಗೆ ಇಡುತ್ತಿದ್ದರು. ಅದೊಂದು ಹೇಳಿಕೊಳ್ಳುವ ಕೆಲಸ ಅಂತ ಅವರಿಗೆ ಎಂದೂ ಅನಿಸಿರಲಿಲ್ಲ.

ಹೋದ ಏಪ್ರಿಲ್‌ನಲ್ಲಿ ಹೆಂಡತಿ ಅಮೀನಾ ಬಿ ಜೊತೆ ಮೂರು ತಿಂಗಳ ವೀಸಾ ಮೇಲೆ ಪರದೇಶದ ವೆಲ್ಡ್‌ಹೋವನ್‌ಗೆ ಬಂದರು. ಮಗಳು ಅಫ್ಶಾನ್ ಅಲ್ಲಿ ಇಂಜಿನಿಯರ್. ಮಂಗಳವಾರ ಅವಳಿಗೆ ರಜೆ. ಬಂದು ಎರಡು ವಾರವಾಗಿತ್ತು, ಅಪ್ಪ ಕಿಟಕಿ ಪಕ್ಕ ಕೂತು ಸೈಕಲ್ ಎಣಿಸುವುದನ್ನು ನೋಡಲಾರದೆ, ಒಂದು ಮಂಗಳವಾರ ಪಕ್ಕದ ವೆಸ್ಟರ್‌ಹೆಸ್ಟ್ ಎಂಬ ಸಣ್ಣ ಊರಿಗೆ ಕರೆದುಕೊಂಡು ಹೋದಳು. ಅಲ್ಲಿನ ಗ್ರಂಥಾಲಯದ ಮಹಡಿಯಲ್ಲಿ ಊರಿನ ಹಳೆಯ ಕಡತಗಳನ್ನು ಇಟ್ಟಿದ್ದರು. ನೂರು ವರ್ಷದ ಹಿಂದಿನ ಪುರಸಭೆಯ ಪುಸ್ತಕಗಳನ್ನು ನಿವೃತ್ತರು ಕೆಲವರು ವಾರಕ್ಕೊಮ್ಮೆ ಕೂತು ಕಂಪ್ಯೂಟರಿಗೆ ಏರಿಸುತ್ತಿದ್ದರು.

ಅವರಲ್ಲೊಬ್ಬರು ಮರೈಕೆ, ಶಾಲೆಯಲ್ಲಿ ಟೀಚರ್ ಆಗಿದ್ದವರು. ಅಪ್ಪ ಮಾಡುತ್ತಿದ್ದ ಕೆಲಸ ಏನೆಂದು ಅಫ್ಶಾನ್ ಹೇಳಿದ್ದೇ ತಡ, ೧೯೦೯ರ ಸಂಪುಟವನ್ನು ತಂದು ಅವರ ಮುಂದಿಟ್ಟರು. ನಿಸಾರ್ ಸಾಹೇಬರು ಕರವಸ್ತ್ರದಲ್ಲಿ ಕೈ ಒರೆಸಿಕೊಂಡರು. ಮುಟ್ಟಬಹುದೇ ಎಂದು ಮಗಳ ಬಾಯಿಂದ ಎರಡು ಸಲ ಕೇಳಿಸಿದರು. ಆಮೇಲೆ ತೆರೆದರು.

ಒಂದಕ್ಷರ ಗೊತ್ತಿಲ್ಲದ ಭಾಷೆ. ಆದರೂ ಪುಟ ಅವರಿಗೆ ಗೊತ್ತಿತ್ತು. ಮೇಲೆ ಸಾಲಾಗಿ ಹನ್ನೊಂದು ಹೆಸರು: ಹಾಜರಿ. ಅದರ ಕೆಳಗೆ ಹಿಂದಿನ ಸಭೆಯ ನಡಾವಳಿ ಓದಿ ಒಪ್ಪಿದ್ದು. ಆಮೇಲೆ ಅಂಕಿ ಹಾಕಿದ ವಿಷಯಗಳು. ಒಂದು ಕಡೆ ಬೆರಳಿಟ್ಟು, ಇಲ್ಲಿ ಮತಕ್ಕೆ ಹಾಕಿದ್ದಾರೆ, ಎಂಟು ಪರ ಮೂರು ವಿರುದ್ಧ ಎಂದರು. ಮರೈಕೆ ಓದಿ ನೋಡಿದರು, ಹೌದು. ಚರಂಡಿ ಮೇಲೆ ಹಲಗೆ ಹಾಕುವ ವಿಷಯ. ನಿಸಾರ್ ಸಾಹೇಬರು ಪುಟದ ಎಡಬದಿಗೆ ಬೆರಳಿಟ್ಟು ಅಳೆದರು. ಅವರ ಅಪ್ಪ ಇನ್ನೂ ಹುಟ್ಟಿರದ ಕಾಲದಲ್ಲಿ, ಏಳು ಸಮುದ್ರದಾಚೆ, ಯಾರೋ ಒಬ್ಬ ತಮ್ಮ ಹಾಗೆಯೇ ಎಡಕ್ಕೆ ನಾಲ್ಕು ಬೆರಳು ಜಾಗ ಬಿಟ್ಟು ಚರಂಡಿಯ ಮಾತು ಬರೆದಿದ್ದ.

ಅವರ ಮುಖ ನೋಡಿದ ಮರೈಕೆ ತಮ್ಮದೊಂದು ವಿಷಯ ತೆಗೆದರು. ಅವರ ಮುತ್ತಜ್ಜಿ ಊರಿನ ಹೊಳೆಯ ಕಟ್ಟೆಯಲ್ಲಿ ಮಂದಿಯ ಬಟ್ಟೆ ಒಗೆಯುತ್ತಿದ್ದಳು. ಮಳೆ ಹಿಮದಲ್ಲಿ ನಿಂತು ಒಗೆಯಲಾರೆವು, ಕಟ್ಟೆಗೊಂದು ಚಾವಣಿ ಹಾಕಿಸಿಕೊಡಿ ಎಂದು ಆ ವರ್ಷದ ಫೆಬ್ರವರಿಯಲ್ಲಿ ಹದಿನಾಲ್ಕು ಹೆಂಗಸರು ಅರ್ಜಿ ಕೊಟ್ಟಿದ್ದರು. ಮಾರ್ಚ್ ಸಭೆಯಲ್ಲಿ ವಿಷಯ ಮುಂದಕ್ಕೆ ಹೋಯಿತು. ಮೇ ತಿಂಗಳಲ್ಲೂ ಮುಂದಕ್ಕೆ. ಆಮೇಲೆ ಎಲ್ಲೂ ಸುದ್ದಿಯೇ ಇಲ್ಲ. ಎರಡು ವರ್ಷದಿಂದ ಹುಡುಕುತ್ತಿದ್ದೇನೆ ಎಂದರು.

ಅಂಥ ವಿಷಯ ಎಲ್ಲಿ ಅಡಗಿರುತ್ತದೆ ಎಂಬುದು ಕಾರಕೂನನಿಗೆ ಗೊತ್ತು. ನಿಸಾರ್ ಸಾಹೇಬರು ಪುಟದ ಮೇಲ್ಭಾಗ ನೋಡಲೇ ಇಲ್ಲ. ಪ್ರತಿ ಸಭೆಯ ಕೊನೆಯ ಪುಟ ತೆಗೆದು, ಸಹಿಯ ಮೇಲಿನ ಜಾಗವನ್ನಷ್ಟೇ ನೋಡುತ್ತಾ ಹೋದರು. ಜೂನ್, ಜುಲೈ. ಸೆಪ್ಟೆಂಬರಿಗೆ ಬಂದಾಗ ಕೈ ನಿಂತಿತು.

"ಇಲ್ಲಿ ನೋಡ್ರಿ," ಅಂದರು. "ಸಭಾ ಮುಗೀತು ಅಂತ ಬರದು ಗೆರಿ ಎಳದಾನ. ಆಮ್ಯಾಲೆ ಯಾರೋ ಮತ್ತ ಎದ್ದು ಮಾತಾಡ್ಯಾರ. ಸಹಿಗೆ ಜಾಗಾ ಬಿಟ್ಟು, ಉಳದದ್ದರಾಗ ಅಕ್ಷರ ಸಣ್ಣ ಮಾಡಿ ತುರುಕ್ಯಾನ."

ಮರೈಕೆ ಕಂಪ್ಯೂಟರಿನಲ್ಲಿ ಆ ಪುಟ ತೆಗೆದರು. ಹಿಂದೆ ಅದನ್ನು ಏರಿಸಿದವರು, 'ಕೊನೆಯ ಐದು ಸಾಲು ಓದಲಾಗುವುದಿಲ್ಲ' ಎಂದು ಬರೆದು ಬಿಟ್ಟಿದ್ದರು. ಮರೈಕೆ ಈಗ ಭೂತಕನ್ನಡಿ ಹಿಡಿದು ಒಂದೊಂದೇ ಪದ ಬಿಡಿಸತೊಡಗಿದರು. ಅಫ್ಶಾನ್ ಅಪ್ಪನಿಗೆ ಕನ್ನಡದಲ್ಲಿ ಹೇಳುತ್ತಾ ಹೋದಳು. ಕಟ್ಟೆಗೆ ಚಾವಣಿ ಹಾಕಿಸುವುದು. ಸರದಿಗೆ ಕಾಯುವ ಹೆಂಗಸರಿಗೆ ಕೂರಲು ಒಂದು ಬೆಂಚು. ಚಳಿಗಾಲದಲ್ಲಿ ಕಲ್ಲು ತಣ್ಣಗಿರುವುದರಿಂದ ಬೆಂಚು ಮರದ್ದೇ ಆಗಬೇಕೆಂದು ಒಬ್ಬ ಸದಸ್ಯರು ಹೇಳಿದ್ದು. ಹನ್ನೊಂದಕ್ಕೆ ಹನ್ನೊಂದೂ ಮತ ಪರ.

ಮರೈಕೆ ಕನ್ನಡಿ ಕೆಳಗಿಟ್ಟರು. ಆಮೇಲೆ ಅವರು, ಪುರಸಭೆ ಆ ಅರ್ಜಿಯನ್ನು ಕಸದಬುಟ್ಟಿಗೆ ಹಾಕಿತು ಅಂತಲೇ ತಮ್ಮ ಮನೆಯಲ್ಲಿ ನಾಲ್ಕು ತಲೆಮಾರು ಹೇಳಿಕೊಂಡು ಬಂದಿದ್ದಾರೆ ಎಂದು ಹೇಳಿ, ಕಣ್ಣೊರೆಸಿಕೊಂಡು ನಕ್ಕರು.

ನಿಸಾರ್ ಸಾಹೇಬರು ಇನ್ನೂ ಆ ಐದು ಸಾಲನ್ನೇ ನೋಡುತ್ತಿದ್ದರು.

"ನಾ ಆಗಿದ್ರ, 'ಚರ್ಚಿಸಿ ಮಂಜೂರು ಮಾಡಲಾಯಿತು' ಅಂತ ಬರದು ಎದ್ದು ಹೋಗ್ತಿದ್ದೆ, ಬೇಟಾ," ಎಂದರು ಮಗಳಿಗೆ. "ಕಲ್ಲು ತಣ್ಣಗಿರ್ತೈತಿ ಅನ್ನೋ ಮಾತು ಅಲ್ಲೇ ಹೋಗಿಬಿಡ್ತಿತ್ತು. ಎಷ್ಟು ಅಂಥಾ ಮಾತು ನನ್ನ ಕೈಯಾಗ ಹೋಗ್ಯಾವೋ ಏನೋ."

ಮರೈಕೆ ಅವರಿಬ್ಬರನ್ನೂ ಕಟ್ಟೆ ಇದ್ದ ಜಾಗಕ್ಕೆ ಕರೆದೊಯ್ದರು. ಹೊಳೆಯನ್ನು ಮುಚ್ಚಿ ಎಷ್ಟೋ ವರ್ಷವಾಗಿತ್ತು. ಮೇಲೆ ಸೂಪರ್‌ಮಾರ್ಕೆಟ್‌ನ ಸೈಕಲ್ ಸ್ಟ್ಯಾಂಡ್. ಚಾವಣಿಯೂ ಇಲ್ಲ, ಬೆಂಚೂ ಇಲ್ಲ. ಠರಾವಾದ ಮೇಲೆ ಅವನ್ನು ಕಟ್ಟಿಸಿದರೋ ಇಲ್ಲವೋ, ಮರೈಕೆಗೂ ಗೊತ್ತಿರಲಿಲ್ಲ. ಜನ ಸೈಕಲ್ಲಿಗೆ ಚೀಲ ಸಿಕ್ಕಿಸಿಕೊಂಡು ಹೊರಡುತ್ತಿದ್ದರು. ನಿಸಾರ್ ಸಾಹೇಬರು ಟೋಪಿ ಸರಿಪಡಿಸಿಕೊಂಡು, ದರ್ಗಾದ ಮುಂದೆ ನಿಂತ ಹಾಗೆ ನಿಂತುಕೊಂಡರು. ಮಳೆ ಹನಿಯತೊಡಗಿದ ಮೇಲೂ ಅಫ್ಶಾನ್ ಅವರನ್ನು ಕರೆಯಲಿಲ್ಲ.

ಮನೆಗೆ ಬಂದು ಅಮೀನಾ ಬಿಗೆ ಎಲ್ಲ ಹೇಳಿದರು. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಪೂರ್ತಿ ಕೇಳಿದರು. ಕೇಳಿ, "ಅದನ್ನ ಬರದಾವನ ಹೆಸರೇನ್ರಿ?" ಎಂದರು.

ಅದನ್ನು ನಿಸಾರ್ ಸಾಹೇಬರು ಕೇಳಿರಲೇ ಇಲ್ಲ.

ಮುಂದಿನ ಮಂಗಳವಾರ ಮಹಡಿ ಹತ್ತಿದವರೇ ಮೊದಲು ಅದನ್ನು ಕೇಳಿದರು. ಸಭಾಪತಿಯ ಸಹಿಯ ಪಕ್ಕದಲ್ಲಿದ್ದ ಗೀಚನ್ನು ಮರೈಕೆ ಬಿಡಿಸಿ ಓದಿದರು: ಹೆಂಡ್ರಿಕ್ ಸ್ಮುಲ್ಡರ್ಸ್, ಕಾರ್ಯದರ್ಶಿ. ನಿಸಾರ್ ಸಾಹೇಬರು ಆ ಹೆಸರನ್ನು ಎರಡು ಸಲ ಬಾಯಲ್ಲಿ ಹೇಳಿ ನೋಡಿ, ಕಿಸೆಯ ಡೈರಿಯಲ್ಲಿ ಕನ್ನಡದಲ್ಲಿ ಬರೆದುಕೊಂಡರು. ಆಮೇಲೆ ೧೯೧೦ರ ಸಂಪುಟ ಕೇಳಿದರು. ಜುಲೈನಲ್ಲಿ ಊರಿಗೆ ಹೊರಡುವವರೆಗೆ ಒಂದು ಮಂಗಳವಾರವನ್ನೂ ಬಿಡಲಿಲ್ಲ. ಸಹಿಯ ಮೇಲೆ ಅಕ್ಷರ ಸಣ್ಣದಾದಲ್ಲೆಲ್ಲ ಒಂದೊಂದು ಚೀಟಿ ಇಡುತ್ತಾ ಐದು ಸಂಪುಟ ದಾಟಿದರು. ಆ ಚೀಟಿಗಳ ಜಾಗವನ್ನು ಮರೈಕೆ ಈಗ ಒಂದೊಂದಾಗಿ ಓದುತ್ತಿದ್ದಾರೆ.